ಕ್ಯಾಶಿಯೋಗೊಂದು ತಿದಿ

ನಮ್ಮ ಆನವಟ್ಟಿ ಕಡೆ ಜಾತ್ರೆ ಹತ್ತಿರ ಬಂತು ಅಂದ್ರೆ ನಾಟಕದ ಕರಪತ್ರ ಕೈಗೆ ಬರುತ್ತೆ. ಮೇಲೆ ದೇವರ ಫೋಟೊ, ಕೆಳಗೆ ಉಸಿರು ಕಟ್ಟುವಷ್ಟು ಉದ್ದದ ಹೆಸರಿನ ಸಾಮಾಜಿಕ ನಾಟಕ, ಆಮೇಲೆ ಪಾತ್ರಧಾರಿಗಳ ಸಾಲು. ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾರ್ಮೋನಿಯಂ, ತಬಲಾ, ಕ್ಯಾಶಿಯೋ, ರಿದಂ ಪ್ಯಾಡ್ ನುಡಿಸುವವರ ಹೆಸರು. ಈ ‘ಕ್ಯಾಶಿಯೋ’ ಕ್ಯಾಸಿಯೊ ಕಂಪನಿಯದೇ ಆಗಿರಬೇಕು ಅಂತೇನಿಲ್ಲ. ಯಮಹಾ ಆದ್ರೂ ಕ್ಯಾಶಿಯೋ, ರೋಲ್ಯಾಂಡ್ ಆದ್ರೂ ಕ್ಯಾಶಿಯೋ. ಸ್ಪೆಲ್ಲಿಂಗ್ ಮಿಸ್ಟೇಕ್ ಅಂತ ನಗೋ ಸಿಟಿ ಫ್ರೆಂಡ್ಸ್‌ಗೆ ಒಂದು ಮಾತು: 1946ರಲ್ಲಿ ಆ ಕಂಪನಿಯ ಬುಡ ಹಾಕಿದ ಜಪಾನಿನ ಅಣ್ಣತಮ್ಮಂದಿರ ಮನೆತನದ ಹೆಸರೇ ಕಾಶಿಯೊ. ಹಾಗೆ ನೋಡಿದ್ರೆ ಕಂಪನಿಗಿಂತ ನಮ್ಮೂರ ಕರಪತ್ರವೇ ಮೂಲಕ್ಕೆ ಹತ್ತಿರ.

ಅವರು ಮೊದಲು ಮಾಡ್ತಿದ್ದದ್ದು ಕ್ಯಾಲ್ಕುಲೇಟರ್. 1980ರಲ್ಲಿ ಕ್ಯಾಸಿಯೊಟೋನ್ 201 ಅಂತ ಮೊದಲ ಕೀಬೋರ್ಡ್ ಬಂತು. ಮನೆಯಲ್ಲಿ, ಸಂಗೀತ ಕಲಿಯದವರೂ ನುಡಿಸಬಹುದಾದ ವಾದ್ಯ ಆಗಬೇಕು ಅನ್ನೋದು ಐಡಿಯಾ. ಮರುವರ್ಷ ಬಂದ ಎಂಟಿ-40 ಅನ್ನೋ ಪುಟ್ಟ ಮಾಡೆಲ್‌ನಲ್ಲಿ ಒಕುಡಾ ಹಿರೊಕೊ ಅನ್ನೋ ಯುವತಿ ಮಾಡಿಟ್ಟ ಒಂದು ‘ರಾಕ್’ ರಿದಂ ಇತ್ತು. 1985ರಲ್ಲಿ ಜಮೈಕಾದವರು ಆ ರಿದಂ ಮೇಲೇ ಹಾಡು ಕಟ್ಟಿದರು, ಅಲ್ಲಿನ ರೆಗೆ ಸಂಗೀತವೇ ಡಿಜಿಟಲ್ ಕಡೆ ತಿರುಗಿತು. ಆಟಿಕೆ ಅಂತ ಮೂಗು ಮುರಿಯುವ ಮುಂಚೆ ಇದನ್ನ ನೆನಪಿಟ್ಟುಕೊಳ್ಳಿ.

ನಮ್ಮ ಮನೆಯ ಕ್ಯಾಶಿಯೋ ಮಾತ್ರ ನಿಜವಾಗ್ಲೂ ಕ್ಯಾಸಿಯೊ. 49 ಕೀ, ಬೂದುಬಣ್ಣಕ್ಕೆ ತಿರುಗಿದ ಬಿಳಿ ಕೀಗಳು, ಹಿಂದೆ ಐದು ತೂತಿನ ದುಂಡನೆ ಮಿಡಿ ಸಾಕೆಟ್. ಅಜ್ಜ ಅದನ್ನ ನಾಟಕಕ್ಕೆ ಅಂತಲೇ ತಂದಿದ್ದು, ನಾನು ಹುಟ್ಟೋಕೆ ಎಷ್ಟೋ ವರ್ಷ ಮುಂಚೆ. ಅಜ್ಜ ಊರಿನ ನಾಟಕದ ಮಾಸ್ತರು. ಮೊದಲು ಲೆಗ್ ಹಾರ್ಮೋನಿಯಂ, ಅಂದ್ರೆ ಎರಡೂ ಕಾಲಲ್ಲಿ ತಿದಿ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸೋದು. ಆಮೇಲೆ ಕೈ ಹಾರ್ಮೋನಿಯಂ. ಪಕ್ಕದಲ್ಲಿ ಕೊಳಲು, ವಯೊಲಿನ್ ಬೇಕಾದಾಗ ಕ್ಯಾಶಿಯೋ.

ಎರಡು ವರ್ಷದ ಹಿಂದೆ ಅಜ್ಜನಿಗೆ ಲಕ್ವಾ ಹೊಡೀತು. ಮಾತು ವಾಪಸ್ ಬಂತು, ನಡಿಗೆ ಕೋಲು ಹಿಡಿದು ಬಂತು, ಎಡಗೈ ಬರಲಿಲ್ಲ. ಕೈ ಹಾರ್ಮೋನಿಯಂ ತಿದಿ ಒತ್ತೋದೇ ಎಡಗೈ. ಬಲಗೈ ಬೆರಳುಗಳು ಮೊದಲಿನ ಹಾಗೇ ಓಡ್ತವೆ, ಆದ್ರೆ ಗಾಳಿ ಇಲ್ಲ. ಆ ವರ್ಷದ ನಾಟಕಕ್ಕೆ ಬೇರೆ ಊರಿಂದ ಮಾಸ್ತರು ಬಂದರು. ಅಜ್ಜ ನೋಡೋಕೂ ಹೋಗಲಿಲ್ಲ.

ಕ್ಯಾಶಿಯೋ ಒಂದೇ ಸಾಕಿತ್ತಲ್ಲ ಅಂತ ನೀವು ಕೇಳಬಹುದು. ಅದರಲ್ಲಿ ಆರ್ಗನ್ ಇದೆ, ಹಾರ್ಮೋನಿಯಂ ಇಲ್ಲ. ಹಾಗಾಗಿ ಕಳೆದ ಸೆಮ್ ರಜದಲ್ಲಿ ಅದರ ಬೆನ್ನಿಗೆ ಒಂದು ಸೌಂಡ್ ಮಾಡ್ಯೂಲ್ ಕಟ್ಟಿದೆ. ಒಂದು ರಾಸ್ಪ್‌ಬೆರಿ ಪೈ, ಅದರಲ್ಲಿ ಫ್ಲೂಯಿಡ್‌ಸಿಂತ್ ಅನ್ನೋ ಉಚಿತ ಸಾಫ್ಟ್‌ವೇರ್, ನಿಜವಾದ ಹಾರ್ಮೋನಿಯಂ ರೆಕಾರ್ಡ್ ಮಾಡಿ ಮಾಡಿದ ಸೌಂಡ್‌ಫಾಂಟ್, ಒಂದು ಮಿಡಿ ಕೇಬಲ್. 1983ರ ಮಿಡಿ ಇವತ್ತಿಗೂ ಸೆಕೆಂಡಿಗೆ ಅದೇ 31,250 ಬಿಟ್ ವೇಗದಲ್ಲಿ ಮಾತಾಡುತ್ತೆ. ನನಗಿಂತ ವಯಸ್ಸಾದ ಕೀಬೋರ್ಡು, ನಿನ್ನೆ ಮೊನ್ನೆಯ ಬೋರ್ಡು, ಇಬ್ಬರಿಗೂ ಒಂದೇ ಭಾಷೆ. ಡ್ರೈವರ್ ಇಲ್ಲ, ಅಪ್‌ಡೇಟ್ ಇಲ್ಲ, ಚುಚ್ಚಿದ್ರೆ ಆಯ್ತು. ನಮ್ಮ ಲ್ಯಾಬ್ ಪ್ರಿಂಟರ್ ಇದನ್ನ ನೋಡಿ ಕಲೀಬೇಕು.

ಮಜಾ ಇರೋದು ಎರಡನ್ನೂ ಒಟ್ಟಿಗೆ ಕೇಳೋದ್ರಲ್ಲಿ. ಒಂದು ಕೀ ಒತ್ತಿದ್ರೆ ಕ್ಯಾಶಿಯೋದ ಬಡಪಾಯಿ ಆರ್ಗನ್ನೂ ಬರುತ್ತೆ, ಮಾಡ್ಯೂಲಿನ ಹಾರ್ಮೋನಿಯಮ್ಮೂ ಬರುತ್ತೆ. ಮಿಕ್ಸರ್‌ನಲ್ಲಿ ಎರಡನ್ನೂ ಹದ ಮಾಡಿ, ಮಾಡ್ಯೂಲನ್ನ 6 ಸೆಂಟ್ಸ್ ಮೇಲೆ ಸರಿಸಿದೆ. ಒಂದು ಸೆಮಿಟೋನ್ ಅಂದ್ರೆ 100 ಸೆಂಟ್ಸ್, ಅದರಲ್ಲಿ ಆರು. 440 ಹರ್ಟ್ಸ್ ಸ್ವರಕ್ಕೆ ಸೆಕೆಂಡಿಗೆ ಸುಮಾರು ಒಂದೂವರೆ ಬೀಟ್ ಹುಟ್ಟುತ್ತೆ. ಪಿಯುಸಿ ಫಿಸಿಕ್ಸ್‌ನಲ್ಲಿ ಮಾರ್ಕ್ಸಿಗೆ ಓದಿದ ಅದೇ ಬೀಟ್ಸ್. ಡಬಲ್ ರೀಡ್ ಹಾರ್ಮೋನಿಯಂ ತುಂಬಿದ ಹಾಗೆ ಕೇಳೋಕೆ ಒಂದು ಕಾರಣ ಇದೇ, ಜೋಡಿ ರೀಡುಗಳು ಕೂದಲೆಳೆಯಷ್ಟು ಬೇರೆ ಇರ್ತವೆ. ಮಾಡ್ಯೂಲ್ ಒಂದನ್ನೇ ಕೇಳಿದ್ರೆ ಚೊಕ್ಕ, ಆದ್ರೆ ಫೋನಿಂದ ಬಂದ ಹಾಗೆ. ಕ್ಯಾಶಿಯೋ ಒಂದನ್ನೇ ಕೇಳಿದ್ರೆ ತೆಳು. ಸೇರಿದ್ರೆ ಹಜಾರ ತುಂಬುತ್ತೆ.

ಉಳಿದದ್ದು ತಿದಿ. ಈ ಕೀಬೋರ್ಡಿಗೆ ಟಚ್ ಸೆನ್ಸ್ ಇಲ್ಲ. ಮೆಲ್ಲಗೆ ಮುಟ್ಟಿ, ಗುದ್ದಿ, ಕೇಬಲ್‌ನಲ್ಲಿ ಹೋಗೋ ವೆಲಾಸಿಟಿ ನಂಬರ್ ಒಂದೇ. ಪಿಯಾನೊಗೆ ಇದು ಸಾವು. ಹಾರ್ಮೋನಿಯಮ್ಮಿಗೆ ಏನೂ ಆಗಲ್ಲ, ಯಾಕಂದ್ರೆ ಅಲ್ಲಿ ಭಾವ ಇರೋದು ಬೆರಳಲ್ಲಿ ಅಲ್ಲ, ಗಾಳಿಯಲ್ಲಿ. ಮಿಡಿಯಲ್ಲಿ 11ನೇ ಕಂಟ್ರೋಲರ್ ‘ಎಕ್ಸ್‌ಪ್ರೆಶನ್’, 0ಯಿಂದ 127ರವರೆಗೆ. ಅದನ್ನ ಅಜ್ಜನ ಬಲಗಾಲಿಗೆ ಕೊಟ್ಟೆ: ಹಲಗೆ, ಬಾಗಿಲ ಕೀಲು, ಸ್ಪ್ರಿಂಗ್, ಒಂದು ಪೊಟೆನ್ಶಿಯೊಮೀಟರ್, ಒಂದು ಆರ್ಡುಯಿನೊ ಪ್ರೊ ಮೈಕ್ರೊ.

ಇಲ್ಲೊಂದು ಸೂಕ್ಷ್ಮ ಇದೆ. ಪೆಡಲ್ ಎಷ್ಟು ಕೆಳಗಿದೆಯೋ ಅಷ್ಟು ಜೋರು ಅಂತ ಕೋಡ್ ಬರೆದ್ರೆ ಅದು ಕಾರಿನ ಆಕ್ಸಿಲರೇಟರ್, ತಿದಿ ಅಲ್ಲ. ತಿದಿಯೊಳಗೆ ಗಾಳಿ ಕೂಡಿರುತ್ತೆ. ಒತ್ತೋದು ನಿಲ್ಲಿಸಿದ್ರೂ ಸ್ವರ ಸ್ವಲ್ಪ ಹೊತ್ತು ಉಳಿದು ಇಳಿಯುತ್ತೆ. ಎಲ್ಲೋ ನೋಡಿದ ಹಾಗಿದೆ ಅಲ್ವಾ? ಕೆಪಾಸಿಟರ್ ಡಿಸ್ಚಾರ್ಜ್! ಹಾಗಾಗಿ ಪ್ರತಿ ಒತ್ತು ಒಂದಿಷ್ಟು ಗಾಳಿ ಕೂಡಿಸುತ್ತೆ, ಉಳಿದಂತೆ ಕೋಡ್ 10 ಮಿಲಿಸೆಕೆಂಡಿಗೊಮ್ಮೆ ಒತ್ತಡವನ್ನ 0.995ರಿಂದ ಗುಣಿಸುತ್ತೆ. ಟೈಮ್ ಕಾನ್‌ಸ್ಟಂಟ್ ಸುಮಾರು ಎರಡು ಸೆಕೆಂಡ್. ಅಷ್ಟರಲ್ಲಿ ಗಾಳಿ 37 ಪರ್ಸೆಂಟಿಗೆ ಇಳಿದಿರುತ್ತೆ. ಎರಡು ಸೆಕೆಂಡ್ ಅನ್ನೋದು ಯಾವ ಪುಸ್ತಕದ್ದೂ ಅಲ್ಲ. ಅಜ್ಜ ಕೂತು “ಗಾಳಿ ಭಾಳ ಉಳಿತೈತಿ”, “ಈಗ ತೂತು ಬಿದ್ದಂಗ ಐತಿ” ಅಂತ ಹೇಳ್ತಾ ಹೋದರು, ನಾನು ಲ್ಯಾಪ್‌ಟಾಪ್‌ನಲ್ಲಿ ದಶಮಾಂಶ ಬದಲಾಯಿಸ್ತಾ ಹೋದೆ. ನನ್ನ ಇಷ್ಟು ದಿನದ ಎಂಜಿನಿಯರಿಂಗ್‌ನಲ್ಲಿ ಇಷ್ಟು ಕಟ್ಟುನಿಟ್ಟಿನ ವೈವಾ ಆಗಿಲ್ಲ.

ಹಾರ್ಮೋನಿಯಂ ಅಭಿಮಾನಿಗಳು ಇದನ್ನ ‘ಡುಪ್ಲಿಕೇಟ್’ ಅಂತಾರೆ. ನಮ್ಮ ಮನೆಗೇ ಬಂದು ಒಬ್ಬರು ಅಂದ್ರು. ಆದ್ರೆ ಹಾರ್ಮೋನಿಯಂ ತಾನೆ ಎಲ್ಲಿಯದು? 1840ರ ದಶಕದ ಪ್ಯಾರಿಸ್‌ನದು. ಕಲ್ಕತ್ತಾದ ದ್ವಾರಕಾನಾಥ್ ಘೋಷ್ ಅದರ ಕಾಲು ತೆಗೆದು, ತಿದಿಯನ್ನ ಹಿಂದಕ್ಕೆ ತಂದು, ನೆಲದ ಮೇಲೆ ಕೂತು ನುಡಿಸೋ ಹಾಗೆ ಮಾಡಿದರು. ಗಮಕ ಬರಲ್ಲ, ಶ್ರುತಿ ನಮ್ಮದಲ್ಲ ಅಂತ ಆಕಾಶವಾಣಿ ಅದನ್ನ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಆ ವರ್ಷಗಳಲ್ಲೂ ನಾಟಕದ ಕಂಪನಿಗಳು ಅದನ್ನ ಬಿಡಲಿಲ್ಲ. ಹೊರಗಿನ ಪೆಟ್ಟಿಗೆ ನಮ್ಮದಾಗಿದ್ದು ಶಾಸ್ತ್ರದಿಂದಲ್ಲ, ಹಾಡುವವರಿಗೆ ಬೇಕಾಗಿದ್ದರಿಂದ. ಕ್ಯಾಶಿಯೋಗೆ ಬೇರೆ ರೂಲ್ ಯಾಕೆ?

ಈ ಸಲ ನಾಟಕದ ತಾಲೀಮು ನಮ್ಮ ಹಜಾರದಲ್ಲೇ ನಡೀತು. ನಾಯಕಿ ಪಾತ್ರದವರಿಗೆ ಶ್ರುತಿ ಹೆಚ್ಚಾಯ್ತು ಅಂದಾಗ ನಾನು ಟ್ರಾನ್ಸ್‌ಪೋಸ್ ಬಟನ್ ತೋರಿಸಿದೆ. ಅಜ್ಜ ಅದರ ಕಡೆ ನೋಡಲೂ ಇಲ್ಲ, “ಕಪ್ಪು ಒಂದರಿಂದ ಹಾಡವ್ವಾ” ಅಂತ ಬೆರಳನ್ನೇ ಸರಿಸಿದರು. ಅರ್ಧ ಗಂಟೆಯಲ್ಲಿ ಹಳೇ ಮಾಸ್ತರಿಕೆ ಪೂರ್ತಿ ವಾಪಸ್. ಇಬ್ಬರಿಗೆ ಬೈಗುಳ, ಒಬ್ಬನಿಗೆ ಕೋಲಿಂದ ತಿವಿತ.

ಒಂದು ದುಃಖದ ಹಾಡಿಗೆ ಕೊಳಲು ಬೇಕಿತ್ತು. ಮಾಡ್ಯೂಲ್‌ನಲ್ಲಿ ಉಸಿರಿನ ಸದ್ದೂ ಕೇಳೋ ಚಂದದ ಬಾನ್ಸುರಿ ಇದೆ. ಹಾಕಿದೆ. ಅಜ್ಜ ಎರಡು ಸಾಲು ನುಡಿಸಿ ನಿಲ್ಲಿಸಿದರು. ಮಿಕ್ಸರ್ ಕಡೆ ಕೈ ಚಾಚಿ ಮಾಡ್ಯೂಲಿನ ಗುಂಡಿಯನ್ನ ಪೂರ್ತಿ ಇಳಿಸಿ, ಕ್ಯಾಶಿಯೋದ ಹಳೇ ಕೊಳಲು ಒತ್ತಿದರು. ಶುರುವಿನಲ್ಲಿ ‘ಟಿಕ್’ ಅನ್ನುತ್ತೆ, ಉಸಿರೇ ಇಲ್ಲ, ಯಾವ ಬಿದಿರಿಗೂ ಸಂಬಂಧ ಇಲ್ಲ. ಮೂಲೆಯಲ್ಲಿ ಚಹಾದ ಲೋಟ ಎತ್ತಿಡ್ತಿದ್ದ ಅಜ್ಜಿ ತಲೆ ಎತ್ತಿದರು.

“ಈ ಹಾಡಿಗೆ ಇದಾ ಕೊಳಲು, ತಮ್ಮಾ” ಅಂದ್ರು ಅಜ್ಜ. “ಮೂವತ್ತು ವರ್ಷದಿಂದ ಜನ ಇದಕ್ಕಾ ಅತ್ತಾರ.”