‘ಹೋಗು, ಬೇಗ ಬಾ’ ಅಂದಿದ್ದೆ

2022ರ ಮಾರ್ಚ್ 1. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ, ಕೆಲಸ ಮಾತ್ರ ಮುಂದೆ ಸಾಗ್ತಿರಲಿಲ್ಲ. ಉಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ ನನ್ನ ತಂಗಿ ಯುದ್ಧ ಶುರುವಾದಾಗಿನಿಂದ ಹಾಸ್ಟೆಲ್‌ನ ನೆಲಮಾಳಿಗೆಯಲ್ಲೇ ಇದ್ದಳು.

“ಅಕ್ಕಾ, ತಿನ್ನೋದಕ್ಕೆ ಏನೂ ಉಳಿದಿಲ್ಲ. ಕರ್ಫ್ಯೂ ತೆಗೆದಿದ್ದಾರೆ. ಅಂಗಡಿಗೆ ಹೋಗಿ ಬರ್ಲಾ?”

“ಹೋಗು, ಬೇಗ ಬಾ” ಅಂದೆ.

ಮಧ್ಯಾಹ್ನ ಟಿವಿಯಲ್ಲಿ ಸುದ್ದಿ ಬಂತು. ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಬಲಿ. ಆಹಾರ ತರೋಕೆ ಹೋಗಿದ್ದನಂತೆ.

ತಂಗಿಯ ಫೋನ್ ಸ್ವಿಚ್ ಆಫ್. ಶಿವಮೊಗ್ಗದಿಂದ ಅಮ್ಮ ಕಾಲ್ ಮಾಡಿದಾಗ “ಮಲಗಿದ್ದಾಳಮ್ಮ, ಈಗಷ್ಟೇ ಮೆಸೇಜ್ ಹಾಕಿದ್ಲು” ಅಂತ ಸುಳ್ಳು ಹೇಳಿದೆ. ಒಂದೂವರೆ ಗಂಟೆ ಆದಮೇಲೆ ನಿಜವಾದ ಮೆಸೇಜ್ ಬಂತು: “ವಾಪಸ್ ಬಂದೆ. ಬ್ರೆಡ್ ಇರ್ಲಿಲ್ಲ, ಬಿಸ್ಕೆಟ್ ಸಿಕ್ತು.” ಖುಷಿಯಿಂದ ಅತ್ತೆ. ಅದೇ ಹೊತ್ತಲ್ಲಿ ಹಾವೇರಿಯ ಒಂದು ಮನೆಯಲ್ಲಿ ಬೇರೆ ಅಳು ಕೇಳ್ತಿತ್ತು ಅನ್ನೋದು ನೆನಪಾಗಿ, ನನ್ನ ಖುಷಿಗೆ ನನಗೇ ನಾಚಿಕೆಯಾಯ್ತು.

ತಂಗಿ ರೈಲು ಹತ್ತಿ, ಗಡಿ ದಾಟಿ, ಕೊನೆಗೂ ಮನೆ ಸೇರಿದಳು. ಅವಳು ಬಂದ ಮೇಲೆ ಯುದ್ಧದ ಸುದ್ದಿ ನೋಡೋದನ್ನೇ ಬಿಟ್ಟಿದ್ದೆ.

ಅದೇ ಆಗಸ್ಟ್‌ನಲ್ಲಿ ಆಫೀಸ್ ಕ್ಯಾಂಟೀನಲ್ಲಿ ಮತ್ತೆ ಆ ವಿಷಯ ಬಂತು. ಉಕ್ರೇನ್ ಸೇನೆ ಜನವಸತಿಯ ನಡುವೆ, ಶಾಲೆ ಆಸ್ಪತ್ರೆಗಳಲ್ಲೂ ನೆಲೆ ಮಾಡಿಕೊಂಡು ನಾಗರಿಕರನ್ನು ಅಪಾಯಕ್ಕೆ ದೂಡಿದೆ ಅಂತ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ವರದಿ ಮಾಡಿತ್ತು. ತಾನು ಭೇಟಿ ಕೊಟ್ಟ 29 ಶಾಲೆಗಳ ಪೈಕಿ 22ರಲ್ಲಿ ಸೈನಿಕರು ಇದ್ದರು, ಇಲ್ಲವೇ ಇದ್ದ ಗುರುತು ಸಿಕ್ಕಿತು ಎಂದಿತ್ತು. ಉಕ್ರೇನ್ ಸರ್ಕಾರ ಸಿಡಿದೆದ್ದಿತು. ಆಮ್ನೆಸ್ಟಿಯ ಉಕ್ರೇನ್ ಮುಖ್ಯಸ್ಥೆಯೇ ರಾಜೀನಾಮೆ ಕೊಟ್ಟರು.

“ಮನೆಗಳ ಮಧ್ಯೆ ಸೈನ್ಯ ಇಟ್ಕೊಂಡ್ರೆ ಬಾಂಬ್ ಬೀಳದೆ ಹೂವು ಬೀಳುತ್ತಾ? ಯುದ್ಧ ಅಂದ್ರೆ ಹಾಗೇ” ಅಂದರು ಸಹೋದ್ಯೋಗಿ.

ನನಗೆ ಸಿಟ್ಟು ಬಂತು, ಆದರೆ ಉತ್ತರ ಹೊಳೆಯಲಿಲ್ಲ. ಯಾಕಂದ್ರೆ ಬೇರೆ ದೇಶಗಳ ಯುದ್ಧದ ವಿಡಿಯೋ ನೋಡ್ತಾ ಇದೇ ಮಾತನ್ನ ನಾನೂ ಎಷ್ಟೋ ಸಲ ಆಡಿದ್ದೆ.

ರಾತ್ರಿ ತಂಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಸೈನಿಕರು ಎಲ್ಲಿರಬೇಕು ಅಂತ ಕ್ಯೂನಲ್ಲಿ ನಿಂತಿದ್ದ ನಮ್ಮನ್ನ ಯಾರಾದ್ರೂ ಕೇಳಿದ್ರಾ ಅಕ್ಕಾ?”

ಆಮೇಲೆ ಕೂತು ಓದಿದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್ ಅಂತ ಒಂದಿದೆ. ರಷ್ಯಾ, ಉಕ್ರೇನ್ ಎರಡೂ ಅದಕ್ಕೆ ಸೇರಿವೆ. ಅದರ 58ನೇ ವಿಧಿ ನಗರ ಕಾಯುವವರಿಗೆ ಹೇಳುತ್ತದೆ: ಸಾಧ್ಯವಾದಷ್ಟೂ ಜನದಟ್ಟಣೆಯ ಜಾಗದಲ್ಲಿ ಸೇನಾ ನೆಲೆ ಬೇಡ, ಜನರನ್ನು ದೂರ ಕಳಿಸಿ. 57ನೇ ವಿಧಿ ದಾಳಿ ಮಾಡುವವರಿಗೆ ಹೇಳುತ್ತದೆ: ಗುರಿ ಸೇನೆಯದ್ದೇನಾ ಅಂತ ಪರೀಕ್ಷಿಸಿ, ಸಿಗುವ ಲಾಭಕ್ಕಿಂತ ಜನರ ಸಾವುನೋವು ಅತಿಯಾಗುವಂತಿದ್ದರೆ ದಾಳಿ ಕೈಬಿಡಿ.

ನಾನು ಹುಡುಕ್ತಿದ್ದ ಉತ್ತರ 51ನೇ ವಿಧಿಯ ಕೊನೆಯಲ್ಲಿತ್ತು. ಒಬ್ಬರು ನಿಯಮ ಮುರಿದರು ಅಂತ ನಾಗರಿಕರ ವಿಷಯದಲ್ಲಿ ಇನ್ನೊಬ್ಬರ ಹೊಣೆ ತಪ್ಪುವುದಿಲ್ಲ. ಅಂದರೆ ಎರಡು ತಪ್ಪು ಒಂದನ್ನೊಂದು ಅಳಿಸಲ್ಲ, ಕೂಡಿಕೊಳ್ಳುತ್ತವೆ.

ಪಾಲನೆ ಸುಲಭ ಅಂತ ನಾನು ಹೇಳಲ್ಲ. ಖಾರ್ಕಿವ್ ರಷ್ಯಾ ಗಡಿಗೆ ಸುಮಾರು 40 ಕಿ.ಮೀ. ದೂರದ ದೊಡ್ಡ ನಗರ. ಊರಿನೊಳಗೆ ಸೈನಿಕರೇ ಇರಬಾರದು ಅಂದ್ರೆ ಊರನ್ನೇ ಬಿಟ್ಟುಕೊಟ್ಟ ಹಾಗೆ. ಆದ್ರೂ ಜನರಿರುವ ಅಪಾರ್ಟ್‌ಮೆಂಟಿನ ಪಕ್ಕವೇ ಯಾಕೆ, ಅವರಿಗೆ ಎಚ್ಚರಿಕೆ ಕೊಟ್ಟಿದ್ರಾ ಅಂತ ಕೇಳಲೇಬೇಕು. ಹಾಗೆ ಕೇಳಿದ ಮಾತ್ರಕ್ಕೆ ಬಾಂಬ್ ಹಾಕಿದವರು ಬಚಾವಾಗಲ್ಲ. ಮರಿಯುಪೋಲ್‌ನ ನಾಟಕ ಮಂದಿರದ ಹೊರಗೆ ನೆಲದ ಮೇಲೆ, ಆಕಾಶದಿಂದ ಕಾಣೋ ಹಾಗೆ, ‘ಮಕ್ಕಳು’ ಅಂತ ರಷ್ಯನ್ ಭಾಷೆಯಲ್ಲಿ ಬರೆದಿದ್ದರು. ಆದ್ರೂ 2022ರ ಮಾರ್ಚ್ 16ರಂದು ಅದರ ಮೇಲೆ ಬಾಂಬ್ ಬಿತ್ತು. ಅದು ರಷ್ಯಾ ಪಡೆಗಳ ಯುದ್ಧಾಪರಾಧ ಅಂತ ತನಿಖೆ ಮಾಡಿ ಹೇಳಿದ್ದೂ ಇದೇ ಆಮ್ನೆಸ್ಟಿ.

ಮರುದಿನ ಕ್ಯಾಂಟೀನಲ್ಲಿ ಇದನ್ನೆಲ್ಲ ಹೇಳಿದೆ. ಸಹೋದ್ಯೋಗಿ ಪೂರ್ತಿ ಒಪ್ಪಲಿಲ್ಲ. “ನಿಮ್ಮ ತಂಗಿ ಅಲ್ಲಿದ್ರು ಅಂತ ನಿಮಗೆ ಹಾಗನ್ಸುತ್ತೆ” ಅಂದರು. ನಿಜ. ತಂಗಿ ಅಲ್ಲಿಲ್ಲದಿದ್ದರೆ ನಾನೂ ಅವರ ಮಾತಿಗೆ ತಲೆಯಾಡಿಸಿ ಕಾಫಿ ಕುಡೀತಿದ್ದೆ. ಅದೇ ನನ್ನನ್ನ ಈಗಲೂ ಚುಚ್ಚುತ್ತೆ.

ಮುಂದಿನ ಸಲ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಯಾವುದೋ ಊರಿನ ಕುಸಿದ ಕಟ್ಟಡದ ವಿಡಿಯೋ ಬರಬಹುದು, ಜೊತೆಗೆ ‘ಅವರಿಗೆ ಹಾಗೇ ಆಗಬೇಕು’ ಅನ್ನೋ ಸಾಲೂ ಇರಬಹುದು. ಫಾರ್ವರ್ಡ್ ಮಾಡೋ ಮೊದಲು ಒಂದು ನಿಮಿಷ ನಿಲ್ಲಿ. ಆ ಬೆಳಿಗ್ಗೆ ಅಲ್ಲೂ ಯಾರೋ ಅಕ್ಕ ಫೋನಲ್ಲಿ ‘ಹೋಗು, ಬೇಗ ಬಾ’ ಅಂದಿರ್ತಾಳೆ.