ಹಳೇ ತಾಮ್ರ, ಹೊಸ ಡಬ್ಬಿ

ಹಲಸೂರಿನ ನಮ್ಮ ಅಪಾರ್ಟ್‌ಮೆಂಟಿಗೆ ನನಗಿಂತ ವಯಸ್ಸು ಜಾಸ್ತಿ. ಮೂರು ಮಹಡಿ, ಹನ್ನೆರಡು ಮನೆ, ಲಿಫ್ಟ್ ಇಲ್ಲ. ಫೋನ್ ವೈರುಗಳೆಲ್ಲ ಗೋಡೆಯೊಳಗೇ ಇಳಿದು ಮೆಟ್ಟಿಲ ಕೆಳಗಿನ ತುಕ್ಕು ಹಿಡಿದ ಡಬ್ಬಿಗೆ ಸೇರುತ್ತವೆ. ಈಗಿನ ಗಲಾಟೆ ಏನಪ್ಪಾ ಅಂದ್ರೆ, ಅದನ್ನೆಲ್ಲ ಕಿತ್ತು ಗುಜರಿಗೆ ಹಾಕಿ ಪ್ರತಿ ಮನೆಗೂ ಫೈಬರ್ ಎಳೆಸೋಣ ಅಂತ ಅಸೋಸಿಯೇಶನ್ನಿನ ಅರ್ಧ ಜನ, ಗೋಡೆಗೆ ತೂತು ಕೊರೆಯೋಕೆ ಬಿಡಲ್ಲ ಅಂತ ಇನ್ನರ್ಧ. (ಅಷ್ಟೂ ತಾಮ್ರ ಮಾರಿದ್ರೂ ಒಂದು ಡಬ್ಬ ಬಣ್ಣದ ದುಡ್ಡು ಬರಲ್ಲ, ಅದು ಬೇರೆ ಮಾತು.)

ಈ ತಂತಿ ಅಷ್ಟೇನೂ ದಡ್ಡ ಅಲ್ಲ ಸ್ವಾಮಿ. ೨೦೦೫ರಲ್ಲಿ ಬಿಎಸ್ಸೆನ್ನೆಲ್ಲಿನ ಡೇಟಾಒನ್ ಬಂದಾಗ ೨೫೬ ಕೆಬಿಪಿಎಸ್‌ಗೇ ಬ್ರಾಡ್‌ಬ್ಯಾಂಡ್ ಅನ್ನೋ ಬಿರುದಿತ್ತು. ಫೋನಿನಲ್ಲಿ ನಮ್ಮ ಮಾತು ೪ ಕಿಲೋಹರ್ಟ್ಸ್ ಒಳಗೇ ಮುಗಿಯುತ್ತೆ. ಅದರ ಮೇಲಿನ ಖಾಲಿ ಜಾಗದಲ್ಲಿ ಎಡಿಎಸ್ಎಲ್ ೨+ ಸುಮಾರು ೨.೨ ಮೆಗಾಹರ್ಟ್ಸ್‌ವರೆಗೆ ಹೋದ್ರೆ, ವಿಡಿಎಸ್ಎಲ್ ೨ ಹದಿನೇಳು ದಾಟುತ್ತೆ. ತಂತಿ ಅದೇ, ಎರಡು ತುದಿಯ ಡಬ್ಬಿ ಮಾತ್ರ ಬೇರೆ. ೨೦೧೬ರಲ್ಲಿ ಏರ್‌ಟೆಲ್ ‘ವಿ-ಫೈಬರ್’ ಅಂತ ೧೦೦ ಎಂಬಿಪಿಎಸ್‌ವರೆಗೆ ಮಾರಿದ್ದೂ ಇದನ್ನೇ. ಹೆಸರಲ್ಲಿ ಫೈಬರ್, ಮನೆಗೆ ಬರೋದು ತಾಮ್ರ! ಮೈಸೂರುಪಾಕಲ್ಲಿ ಮೈಸೂರು ಹುಡುಕಿದ ಹಾಗೆ.

ಆಟವೆಲ್ಲ ಇರೋದು ದೂರದಲ್ಲಿ. ಎಕ್ಸ್‌ಚೇಂಜ್ ಎರಡು ಮೂರು ಕಿಲೋಮೀಟರ್ ಆಚೆ ಇದ್ರೆ ಮೇಲಿನ ಫ್ರೀಕ್ವೆನ್ಸಿಗಳು ದಾರಿಯಲ್ಲೇ ಸೋತುಹೋಗುತ್ತವೆ. ನಮ್ಮ ಮೆಟ್ಟಿಲ ಕೆಳಗಿಂದ ಮೂರನೇ ಮಹಡಿಗೆ ಹೆಚ್ಚಂದ್ರೆ ೪೦ ಮೀಟರ್. ಫೈಬರನ್ನ ಕೆಳಗೇ ನಿಲ್ಲಿಸಿ, ಅಲ್ಲಿಂದ ಹಳೇ ತಂತಿ ಹಿಡಿದು ಹತ್ತಿದ್ರೆ? ಒಂದು ಜೊತೆ ವಿಡಿಎಸ್ಎಲ್ ೨ ಡಬ್ಬಿ ತಂದು ನೋಡಿದೆ. ಮೊದಲು ೩೦ ದಾಟಲಿಲ್ಲ. ಮಂಚದ ಹಿಂದೆ ಯಾವುದೋ ಕಾಲದ ಪ್ಯಾರಲಲ್ ಫೋನಿನ ತುಂಡು ವೈರು ಬಾಲದ ಹಾಗೆ ನೇತಾಡ್ತಿತ್ತು. ಸಿಗ್ನಲ್ ಅದರ ತುದಿಗೆ ಬಡಿದು ವಾಪಸ್ ಬಂದು ತನ್ನನ್ನೇ ಕೆಡಿಸಿಕೊಳ್ತಿತ್ತು. ಕತ್ತರಿಸಿದೆ, ೯೦ ದಾಟಿತು.

ಹನ್ನೆರಡು ಮನೇಲೂ ಹಾಕಿದ್ರೆ ಒಂದರ ಸದ್ದು ಇನ್ನೊಂದಕ್ಕೆ ಸೋರುತ್ತೆ. ಅದನ್ನ ಅಳೆದು ಅಳಿಸೋ ವಿದ್ಯೆ, ವೆಕ್ಟರಿಂಗ್, ಇದೆ. ಆದ್ರೆ ಎಲ್ಲ ಜೋಡಿನೂ ಒಂದೇ ಡಬ್ಬಿಯ ಕೈಲಿರಬೇಕು. ಅಂದ್ರೆ ಹನ್ನೆರಡು ಮನೆಯವರೂ ಒಪ್ಪಬೇಕು... ಆಯ್ತಲ್ಲ!

ನನಗೆ ಸ್ಪೀಡಿಗಿಂತ ಹೆಚ್ಚಿನ ಯೋಚನೆ ಮೊದಲ ಮಹಡಿಯ ಅಜ್ಜಿದು. ಅವರ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿಂದಲೇ ೪೮ ವೋಲ್ಟ್ ಬರುತ್ತೆ, ಮನೇಲಿ ಕರೆಂಟ್ ಬೇಕಿಲ್ಲ. ಫೈಬರ್ ಡಬ್ಬಿಗೆ ಬೇಕು. ಹೋದ ಮಳೆಗಾಲ ಕರೆಂಟ್ ಹೋದ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದವರು ತೆವಳ್ಕೊಂಡು ಬಂದು, ಕತ್ತಲಲ್ಲೇ ಗುಂಡಿ ತಡವಿ ನನ್ನನ್ನ ಕರೆದಿದ್ದು ಅದೇ ಫೋನಿಂದ. ನಡುಗೋ ಬೆರಳಿಗೆ ಟಚ್‌ಸ್ಕ್ರೀನ್ ಬಗ್ಗಲ್ಲ.

ಭಾನುವಾರ ಮೀಟಿಂಗ್. ಉಳಿದಿದ್ದು ಏನಾದ್ರೂ ಮಾಡ್ಕೊಳ್ಳಿ, ಅಜ್ಜಿ ಮನೆಯ ಜೋಡಿ ಮಾತ್ರ ಮುಟ್ಟಬೇಡಿ ಅಂತ ಬರೆದು ಕೊಟ್ಟಿದ್ದೀನಿ. ನಿಮ್ಮ ಹಳೇ ಬಿಲ್ಡಿಂಗುಗಳಲ್ಲಿ ಏನು ಮಾಡಿದ್ರಿ? ಶನಿವಾರದೊಳಗೆ ತಿಳಿಸಿ ಮಾರಾಯ್ರೆ.