ಅಳಿಸಿಹೋದ ಗೋಲಿನ ಸುಖ

ನಾನು ಟಾಟನ್‌ಹ್ಯಾಮ್ ತಂಡಕ್ಕೆ ಮರುಳಾದದ್ದು ಅದು ಸೋತ ಪಂದ್ಯ ನೋಡಿ. 2010ರ ಅಕ್ಟೋಬರ್, ಮಿಲಾನ್‌ನ ಸ್ಯಾನ್ ಸಿರೊ ಮೈದಾನ, ಎದುರಿಗೆ ಆಗಿನ ಯುರೋಪ್ ಚಾಂಪಿಯನ್ ಇಂಟರ್. ಹತ್ತು ನಿಮಿಷ ಕಳೆಯುವ ಮೊದಲೇ ಟಾಟನ್‌ಹ್ಯಾಮ್ ಗೋಲ್‌ಕೀಪರ್‌ಗೆ ಕೆಂಪು ಕಾರ್ಡು. ವಿರಾಮದ ಹೊತ್ತಿಗೆ 4-0. ಆಮೇಲಿನ ಅರ್ಧದಲ್ಲಿ ಗ್ಯಾರೆತ್ ಬೇಲ್ ಎಂಬ ಹುಡುಗ ಎಡ ಅಂಚು ಹಿಡಿದು ಓಡಿ ಓಡಿ ಒಬ್ಬನೇ ಮೂರು ಗೋಲು ಹೊಡೆದ. 4-3. ಸೋತರು. ಅವತ್ತಿನಿಂದ ನಾನು ಆ ತಂಡದವನು. ಬೆಂಗಳೂರಿನಲ್ಲಿ ಯುನೈಟೆಡ್, ಲಿವರ್‌ಪೂಲ್, ಚೆಲ್ಸಿ ಎಂದು ಮೆರೆಯುವವರ ನಡುವೆ ಈ ಕಥೆ ಹೇಳಿಕೊಳ್ಳುವುದರಲ್ಲಿ ನನಗೊಂದು ಒಳಹೆಮ್ಮೆ ಇತ್ತು. ನೀವೆಲ್ಲ ಟ್ರೋಫಿ ನೋಡಿ ಬಂದವರು, ನಾನು ಆಟ ನೋಡಿ ಬಂದವನು ಎಂಬ ಧಾಟಿ. ಗೆದ್ದರೆ ಹಿಗ್ಗದ, ಸೋತರೆ ಕುಗ್ಗದ ಪ್ರೇಕ್ಷಕ ಎಂದು ನನ್ನನ್ನು ನಾನೇ ನಂಬಿಕೊಂಡಿದ್ದೆ. ಈ ನಂಬಿಕೆಯನ್ನು ಪರೀಕ್ಷಿಸುವ ಪ್ರಸಂಗ ಒದಗಿರಲಿಲ್ಲ, ಅಷ್ಟೇ. ಟಾಟನ್‌ಹ್ಯಾಮ್ ದೊಡ್ಡದೇನನ್ನೂ ಗೆಲ್ಲುತ್ತಿರಲಿಲ್ಲವಲ್ಲ.

ಆಮೇಲೆ ವಿಎಆರ್ ಬಂತು. ಮೈದಾನದ ರೆಫರಿಗೆ ಕಿವಿಯಲ್ಲಿ ಸಲಹೆ ಕೊಡಲು ಇನ್ನೊಬ್ಬ ರೆಫರಿ ಟಿವಿ ಪರದೆಗಳ ಮುಂದೆ ಕೂರುವ ವ್ಯವಸ್ಥೆ. 2018ರ ರಷ್ಯಾ ವಿಶ್ವಕಪ್‌ನಲ್ಲಿ ಎಲ್ಲರೂ ಅದನ್ನು ನೋಡಿದ್ದರು. ಚಾಂಪಿಯನ್ಸ್ ಲೀಗಿಗೆ ಅದು ಕಾಲಿಟ್ಟದ್ದು 2019ರ ಫೆಬ್ರವರಿಯಲ್ಲಿ, ನಾಕೌಟ್ ಪಂದ್ಯಗಳಿಂದ.

ಆ ವರ್ಷದ ಕ್ವಾರ್ಟರ್ ಫೈನಲ್‌ನಲ್ಲಿ ನಮಗೆ ಎದುರಾದದ್ದು ಗಾರ್ಡಿಯೋಲಾ ಅವರ ಮ್ಯಾಂಚೆಸ್ಟರ್ ಸಿಟಿ. ಏಪ್ರಿಲ್ 9ರ ಮೊದಲ ಪಂದ್ಯದಲ್ಲಿ ನಮ್ಮ ಡ್ಯಾನಿ ರೋಸ್ ಕೈಗೆ ಚೆಂಡು ತಗುಲಿತೆಂದು ವಿಎಆರ್ ನೋಡಿ ಸಿಟಿಗೆ ಪೆನಾಲ್ಟಿ ಕೊಟ್ಟರು. ನಾನು ಸೋಫಾದಿಂದ ಎದ್ದು ನಿಂತು ಯಂತ್ರಗಳ ವಿರುದ್ಧ ದೊಡ್ಡ ಭಾಷಣವನ್ನೇ ಮಾಡಿದೆ. ಆಟವನ್ನು ಆಟದ ವೇಗದಲ್ಲಿ ನೋಡಬೇಕು, ನಿಧಾನಗತಿಯಲ್ಲಿ ತೋರಿಸಿದರೆ ಎಲ್ಲರ ಕೈಯೂ ಅಪರಾಧಿಯೇ, ಇತ್ಯಾದಿ. ಕೇಳುವವರು ಯಾರೂ ಇರಲಿಲ್ಲ, ಮನೆಯವರೆಲ್ಲ ಮಲಗಿದ್ದರು. ಅಗುವೇರೊ ಹೊಡೆದ ಆ ಪೆನಾಲ್ಟಿಯನ್ನು ಲೋರಿಸ್ ತಡೆದ, ಸನ್ ಒಂದು ಗೋಲು ಹೊಡೆದ, ನಾವು 1-0 ಗೆದ್ದೆವು. ಭಾಷಣದ ತತ್ವ ಮಾತ್ರ ತಲೆಯಲ್ಲಿ ಉಳಿಯಿತು.

ತತ್ವಕ್ಕೆ ಎಂಟೇ ದಿನ ಆಯಸ್ಸು.

ಮ್ಯಾಂಚೆಸ್ಟರ್‌ನಲ್ಲಿ ನಡೆದ ಎರಡನೆಯ ಪಂದ್ಯ ಭಾರತದ ಗಡಿಯಾರದ ಲೆಕ್ಕದಲ್ಲಿ ಏಪ್ರಿಲ್ 18ರ ನಡುರಾತ್ರಿ ಹನ್ನೆರಡೂವರೆಗೆ ಶುರು. ಬೆಳಗಾದರೆ ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ. ರಜೆ ಇದೆ ಎಂಬ ಧೈರ್ಯದಲ್ಲಿ ಕೂತೆ. ಅಂಥ ಪಂದ್ಯ ನಾನು ಮತ್ತೆ ನೋಡಿಲ್ಲ. ಮೊದಲ ಹನ್ನೊಂದು ನಿಮಿಷದಲ್ಲಿ ನಾಲ್ಕು ಗೋಲು, ತಲಾ ಎರಡು. ಸಿಟಿ 4-2 ಮಾಡಿಕೊಂಡಾಗ ಒಟ್ಟು ಲೆಕ್ಕದಲ್ಲಿ ನಾವು ಹೊರಗೆ. 73ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡು ನಮ್ಮ ಯೊರೆಂಟೆಯ ಸೊಂಟಕ್ಕೆ ಬಡಿದು ಒಳಹೋಯಿತು. ಸೊಂಟಕ್ಕೋ, ಮೊದಲು ಕೈಗೋ? ಟರ್ಕಿಯ ರೆಫರಿ ಚಾಕಿರ್ ಓಡಿಹೋಗಿ ಮೈದಾನದಂಚಿನ ಪರದೆ ನೋಡಿದರು. ಒಂದು ಕೋನದಲ್ಲಿ ಚೆಂಡು ತೋಳನ್ನು ಸವರಿದಂತೆಯೇ ಕಾಣುತ್ತಿತ್ತು. ನನಗೆ ಕಂಡಿತ್ತು. ಕಂಡ ಮರುಕ್ಷಣವೇ ನಾನು ಆ ಕೋನವನ್ನು ನಂಬುವುದು ಬಿಟ್ಟೆ. ಗೋಲು ನಿಂತಿತು. ಕೈ ತಾಗಿ ಆದ ಗೋಲು ಬೇಕೆಂದೇ ಅಲ್ಲದಿದ್ದರೂ ಊರ್ಜಿತವಲ್ಲ ಎಂಬ ನಿಯಮ ಆಗಲೇ ಬರೆದಾಗಿತ್ತು. ಆದರೆ ಜಾರಿಯಾಗಬೇಕಿದ್ದದ್ದು ಜೂನ್‌ನಿಂದ. ಈ ತಾಂತ್ರಿಕ ಅಂಶವನ್ನು ಮರುದಿನ ನಾನು ಕೇಳಿದವರಿಗೂ ಕೇಳದವರಿಗೂ ವಿವರಿಸಿದೆ.

ಆದರೆ ನಾನು ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಇಪ್ಪತ್ತು ನಿಮಿಷ ಆಮೇಲಿನದು. ಹೆಚ್ಚುವರಿಯಾಗಿ ಕೊಟ್ಟ ನಿಮಿಷಗಳಲ್ಲಿ ನಮ್ಮ ಎರಿಕ್ಸನ್ ಹಿಂದಕ್ಕೆ ಕೊಡಹೋದ ಚೆಂಡು ದಾರಿ ತಪ್ಪಿ ಅಗುವೇರೊಗೆ ಸಿಕ್ಕಿತು. ಅವನಿಂದ ಸ್ಟರ್ಲಿಂಗ್‌ಗೆ. ಗೋಲು. ಇಡೀ ಮೈದಾನ ಎದ್ದಿತು. ಗಾರ್ಡಿಯೋಲಾ ಚಿಕ್ಕ ಹುಡುಗನ ಹಾಗೆ ಹಾರುತ್ತಾ ಓಡಿದರು. ನಾನು ಟಿವಿ ಆರಿಸಲು ರಿಮೋಟ್ ಹುಡುಕುತ್ತಿದ್ದೆ. ಆಗ ಪರದೆಯ ಮೇಲೆ ವಿಎಆರ್ ಎಂದು ಮೂಡಿತು. ಎರಿಕ್ಸನ್ ಕಾಲಿಂದ ಹೊರಟ ಚೆಂಡು ನಡುವೆ ಸಿಟಿಯ ಬೆರ್ನಾರ್ಡೊ ಸಿಲ್ವಾಗೆ ತಗುಲಿತ್ತು; ಆದ್ದರಿಂದ ಅಗುವೇರೊ ಆಫ್‌ಸೈಡ್. ಗೋಲು ರದ್ದು. ಗಾರ್ಡಿಯೋಲಾ ಕುಸಿದು ಮಂಡಿಯೂರಿದರು. ಗೋಲೆಂದು ತಬ್ಬಿಕೊಂಡಿದ್ದವರು ತಬ್ಬಿಕೊಂಡೇ ಕಲ್ಲಾದರು.

ಪಂದ್ಯ ಸೋತೂ ನಾವು ಮುಂದಕ್ಕೆ ಹೋದೆವು. ಒಟ್ಟು 4-4, ಆಗ ಲೆಕ್ಕಕ್ಕೆ ಬರುತ್ತಿದ್ದ ಎದುರಾಳಿಯ ಅಂಗಳದ ಗೋಲು ನಮ್ಮದೇ ಹೆಚ್ಚು. ತೀರ್ಪು ಸರಿಯಾಗಿಯೇ ಇತ್ತು, ಆ ಬಗ್ಗೆ ನನಗೆ ಇವತ್ತಿಗೂ ಅಳುಕಿಲ್ಲ. ಅಳುಕಿರುವುದು ಬೇರೆ ಕಡೆ. ನಿದ್ದೆಯಿಲ್ಲದೆ ಬೆಳಗ್ಗೆ ಮತಗಟ್ಟೆಯ ಸಾಲಿನಲ್ಲಿ ನಿಂತು ನಾನು ಫೋನಿನಲ್ಲಿ ಮತ್ತೆ ಮತ್ತೆ ನೋಡಿದ್ದು ಸನ್ ಹೊಡೆದ ಎರಡು ಚಂದದ ಗೋಲುಗಳನ್ನಲ್ಲ, ಯೊರೆಂಟೆಯ ಸೊಂಟವನ್ನೂ ಅಲ್ಲ. ನೋಡಿದ್ದು ಆ ಮಂಡಿಯೂರುವಿಕೆ. ಹಾರುವುದು, ಕುಸಿಯುವುದು, ಮತ್ತೆ ಹಾರುವುದು, ಕುಸಿಯುವುದು. ಮುಂದಿದ್ದ ಹಿರಿಯರೊಬ್ಬರು ತಿರುಗಿ, "ಏನಪ್ಪಾ, ಒಬ್ಬೊಬ್ಬನೇ ನಗ್ತಾ ಇದ್ದೀಯ" ಎಂದರು. ಕ್ರಿಕೆಟ್ ಎಂದು ಸುಳ್ಳು ಹೇಳಿದೆ.

ಮೂರು ವಾರ ಕಳೆದು ಆಮ್‌ಸ್ಟರ್‌ಡಾಮ್‌ನಲ್ಲಿ ಸೆಮಿಫೈನಲ್. ಅಯಾಕ್ಸ್ ವಿರುದ್ಧ ವಿರಾಮದ ಹೊತ್ತಿಗೆ 2-0 ಹಿಂದೆ. ಲುಕಾಸ್ ಮೌರಾ ಮೂರು ಗೋಲು ಹೊಡೆದ, ಕೊನೆಯದು 96ನೇ ನಿಮಿಷದಲ್ಲಿ. ಯಾವ ತಕರಾರೂ ಇಲ್ಲದ, ಯಾವ ಪರದೆಯೂ ತೀರ್ಮಾನಿಸದ ಗೆಲುವು. ಆಟದ ಪ್ರೇಮಿಯಾದವನಿಗೆ ಅದೇ ಮೊದಲನೆಯದಾಗಬೇಕು. ಅದನ್ನು ಮೆಚ್ಚಿದ್ದೇನೆ, ಹತ್ತಾರು ಜನಕ್ಕೆ ವರ್ಣಿಸಿದ್ದೇನೆ. ಆದರೆ ಮನಸ್ಸು ಕೆಟ್ಟ ಸಂಜೆಗಳಲ್ಲಿ ಹುಡುಕಿಕೊಂಡು ನೋಡುವುದು ಮ್ಯಾಂಚೆಸ್ಟರ್‌ನ ಆ ತುಣುಕನ್ನೇ.

ಯಾಕೆ? ತುಂಬ ಯೋಚಿಸಿದ್ದೇನೆ. ಹಿಂದೆಯೂ ಗೋಲು ರದ್ದಾಗುತ್ತಿತ್ತು. ಲೈನ್ಸ್‌ಮನ್ ಬಾವುಟ ಎತ್ತಿದರೆ ಎರಡು ಕ್ಷಣದಲ್ಲಿ ಮುಗಿಯಿತು; ಸಂತೋಷ ಹುಟ್ಟುವ ಮೊದಲೇ ಸಾಯುತ್ತಿತ್ತು. ವಿಎಆರ್ ಮಾಡಿದ್ದೇನೆಂದರೆ ಎದುರಾಳಿಗೆ ಸಂತೋಷವನ್ನು ಪೂರ್ತಿಯಾಗಿ ಬಡಿಸಿ, ಅವನು ಬಾಯಿಗಿಡುವ ಹೊತ್ತಿಗೆ ಎಲೆ ಎತ್ತಿಕೊಂಡು ಹೋಗುವುದು. ಅದನ್ನು ನೋಡುವ ಜಾಗದಲ್ಲಿ ನಾನು ಕೂತಿರುತ್ತೇನೆ. ಗೆಲುವಿನ ಸುಖಕ್ಕಿಂತ ಇದು ಬೇರೆ ಜಾತಿಯದು, ಹೆಚ್ಚು ತೀಕ್ಷ್ಣವಾದದ್ದು, ಮತ್ತು ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ನನ್ನ ತಂಡ ಗೆಲ್ಲಬೇಕು ಎಂಬ ಆಸೆಯ ಒಳಗೆ ಇನ್ನೊಬ್ಬನ ಮುಖ ಬಾಡಬೇಕು ಎಂಬ ಆಸೆ ಇಷ್ಟು ದಪ್ಪಗೆ ಕೂತಿದೆ ಎಂದು ಯಂತ್ರ ಬಾರದಿದ್ದರೆ ನನಗೆ ತಿಳಿಯುತ್ತಿರಲಿಲ್ಲ.

ಕ್ರಿಕೆಟ್‌ನಲ್ಲಿ ಈ ಸಂಕಟ ಇಷ್ಟಿಲ್ಲ. 2008ರಲ್ಲಿ ಶ್ರೀಲಂಕಾದಲ್ಲಿ ಅಂಪೈರ್ ತೀರ್ಪನ್ನು ಮರುಪರಿಶೀಲಿಸುವ ಡಿಆರ್‌ಎಸ್‌ನ ಮೊದಲ ಪ್ರಯೋಗ ನಡೆದಾಗ ನಮ್ಮ ನಾಯಕ ಕುಂಬ್ಳೆ. ಅಲ್ಲಿ ಪೆಟ್ಟು ತಿಂದ ಭಾರತ ಬಹುಕಾಲ ಅದರ ಮೇಲೆ ಮುನಿಸಿಕೊಂಡೇ ಇದ್ದು, 2016ರ ಇಂಗ್ಲೆಂಡ್ ಸರಣಿಗೆ ಒಪ್ಪಿಕೊಂಡಾಗ ಕೋಚ್ ಅದೇ ಕುಂಬ್ಳೆ. ಆದರೂ ಕ್ರಿಕೆಟ್ ಪ್ರತಿ ಎಸೆತಕ್ಕೂ ನಿಂತು ಉಸಿರೆಳೆದುಕೊಳ್ಳುವ ಆಟ. ಕಾಯುವುದು ಅದರ ರಕ್ತದಲ್ಲೇ ಇದೆ. ಫುಟ್‌ಬಾಲ್‌ನಲ್ಲಿ ಗೋಲು ಅಪರೂಪ. ಅದನ್ನು ಹಿಡಿದು ನಿಲ್ಲಿಸಿದರೆ ನಿಲ್ಲುವುದು ತೊಂಬತ್ತು ನಿಮಿಷದ ಒಟ್ಟು ಬಡ್ಡಿ ಅಸಲು.

ಜೂನ್ 1ರಂದು ಮ್ಯಾಡ್ರಿಡ್‌ನಲ್ಲಿ ಫೈನಲ್. ಅರ್ಧ ನಿಮಿಷವೂ ಆಗಿರಲಿಲ್ಲ, ನಮ್ಮ ಸಿಸೋಕೊ ಎತ್ತಿದ ಕೈಗೆ ಚೆಂಡು ಬಡಿಯಿತು, ಲಿವರ್‌ಪೂಲ್‌ಗೆ ಪೆನಾಲ್ಟಿ, ಸಲಾ ಗೋಲು. ವಿಎಆರ್ ನೋಡಿ ಸರಿ ಎಂದಿತು. 2-0 ಸೋತೆವು. ಯೊರೆಂಟೆಯ ತೋಳನ್ನು ಮರೆತಿದ್ದ ನಾನು ಸಿಸೋಕೊನ ಎದೆಗೆ ಮೊದಲು ತಗುಲಿತೆಂದು ವಾರಗಟ್ಟಲೆ ವಾದಿಸಿದೆ.

ಇನ್ನೊಂದು ರಾತ್ರಿಯನ್ನು ಬಿಡುವ ಹಾಗಿಲ್ಲ. 2023ರ ಮಾರ್ಚ್ 3, ಕಂಠೀರವ ಕ್ರೀಡಾಂಗಣ, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ನಾಕೌಟ್. ಅಲ್ಲಿ ವಿಎಆರ್ ಇರಲಿಲ್ಲ. 96ನೇ ನಿಮಿಷದಲ್ಲಿ ನಮಗೆ ಫ್ರೀ ಕಿಕ್. ಬ್ಲಾಸ್ಟರ್ಸ್ ಆಟಗಾರರು ಇನ್ನೂ ಗೋಡೆ ಕಟ್ಟುತ್ತಿರುವಾಗ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಹಾಕಿದರು, ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ವುಕೊಮನೊವಿಚ್ ತಂಡವನ್ನೇ ಕರೆದುಕೊಂಡು ಒಳಗೆ ಹೋದರು, ಹಿಂದಿರುಗಲಿಲ್ಲ. ಆಮೇಲೆ ಫೆಡರೇಷನ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ. ಅವತ್ತು ಗ್ಯಾಲರಿಯಲ್ಲಿ ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ಜೊತೆಗೆ ಬಂದಿದ್ದ ತ್ರಿಶೂರಿನ ಗೆಳೆಯ ಹಳದಿ ಶಾಲು ಮಡಿಸಿ ಬ್ಯಾಗಿಗೆ ಹಾಕಿಕೊಂಡು, "ಇದು ಗೆಲುವಾ ಹೇಳಿ" ಎಂದ. "ರೆಫರಿ ಹೇಳಿದ ಮೇಲೆ ಮುಗೀತು" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ರೆಫರಿಯ ಮಾತೇ ಕೊನೆಯಲ್ಲ ಎಂದು ಸಿಸೋಕೊ ಪರವಾಗಿ ವಾರಗಟ್ಟಲೆ ವಾದಿಸಿದ್ದು ಇದೇ ನಾಲಿಗೆ. ಕಂಠೀರವದಲ್ಲಿ ವಿಎಆರ್ ಇದ್ದಿದ್ದರೂ ಜಗಳ ತೀರುತ್ತಿರಲಿಲ್ಲ ಎನಿಸುತ್ತದೆ. ಚೆಂಡು ಎಲ್ಲಿ ಹೋಯಿತೆಂಬುದನ್ನು ಎಲ್ಲರೂ ಕಂಡಿದ್ದರು. ತಕರಾರಿದ್ದದ್ದು ಛೆಟ್ರಿ ಮತ್ತು ರೆಫರಿಯ ನಡುವೆ ಏನು ಮಾತಾಗಿತ್ತೆಂಬ ಬಗ್ಗೆ.

ಅದೇ ವರ್ಷದ ಸೆಪ್ಟೆಂಬರ್ 30ರ ಶನಿವಾರ ರಾತ್ರಿ ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್. ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗೋಲು ಹೊಡೆದ, ಬಾವುಟ ಎದ್ದಿತು. ವಿಎಆರ್ ಕೋಣೆಯಲ್ಲಿದ್ದವರು ಗೆರೆ ಎಳೆದು ನೋಡಿದರು: ಆಫ್‌ಸೈಡ್ ಅಲ್ಲ. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದೇ ಅವರು ತಿಳಿದಿದ್ದರು. ಪರಿಶೀಲನೆ ಮುಗಿಯಿತು ಎಂದುಬಿಟ್ಟರು. ಮೈದಾನದ ರೆಫರಿ ಅದನ್ನು ಆಫ್‌ಸೈಡ್ ಸರಿ ಎಂದು ಅರ್ಥ ಮಾಡಿಕೊಂಡರು. ಆಟ ಮುಂದುವರಿಯಿತು, ಮುಂದುವರಿದ ಆಟವನ್ನು ಹಿಂದಕ್ಕೆ ತರಲು ನಿಯಮ ಬಿಡುವುದಿಲ್ಲ. ಎರಡೇ ನಿಮಿಷದಲ್ಲಿ ಸನ್ ನಮಗೆ ಗೋಲು ತಂದ. ಇಬ್ಬರು ಕೆಂಪು ಕಾರ್ಡು ಪಡೆದು ಒಂಬತ್ತು ಜನರೊಂದಿಗೆ ಆಡಿದ ಲಿವರ್‌ಪೂಲ್, 96ನೇ ನಿಮಿಷದಲ್ಲಿ ತನ್ನದೇ ಮಾಟಿಪ್ ಕಾಲಿಂದ ಗೋಲು ತಿಂದು 2-1 ಸೋತಿತು. ಕೆಲವು ದಿನಗಳಲ್ಲಿ ಆ ಕೋಣೆಯ ಧ್ವನಿಮುದ್ರಣ ಹೊರಬಂತು. ತಪ್ಪು ಅರಿವಾದ ಕ್ಷಣದಲ್ಲಿ ಅಲ್ಲಿದ್ದವರ ದನಿ ಒಣಗಿಹೋಗುವುದು ಕೇಳಿಸುತ್ತದೆ.

ಆಫೀಸಿನಲ್ಲಿ ನನಗಿಂತ ಚಿಕ್ಕವನಾದ ಮಂಗಳೂರಿನ ಲಿವರ್‌ಪೂಲ್ ಭಕ್ತನೊಬ್ಬನಿದ್ದ. ಲಿವರ್‌ಪೂಲ್ ಕೋಚ್ ಕ್ಲಾಪ್ ಮರುಪಂದ್ಯ ಕೇಳಿದ ದಿನ ಕ್ಯಾಂಟೀನಿನಲ್ಲಿ ನನ್ನೆದುರು ಕೂತ. "ಅಲ್ಲ ಮಾರಾಯ್ರೆ, ನಿಮಗೆ ಹೀಗಾಗಿದ್ರೆ ನೀವು ಮರುಪಂದ್ಯ ಕೇಳ್ತಿದ್ರಾ ಇಲ್ವಾ, ಸತ್ಯ ಹೇಳಿ."

"ಕೇಳ್ತಿದ್ದೆ."

"ಈಗ ಕೊಡ್ತೀರಾ?"

"ಇಲ್ಲ."

ಅವನು ಜೋರಾಗಿ ನಕ್ಕು, ತನ್ನ ತಂಡಕ್ಕೆ ಈ ಗೋಲು ಸಿಕ್ಕಿದ್ದರೆ ತಾನೂ ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಎಂದ. ಇಬ್ಬರೂ ಊಟ ಮಾಡಿದೆವು. ಅವನ ಎದುರು ಮಾತ್ರ ನಾನು ನಿಜ ಹೇಳಬಲ್ಲೆ. ಉಳಿದವರೊಡನೆ ನನ್ನದು ವಕೀಲನ ಭಾಷೆ: ಆ ಕೆಂಪು ಕಾರ್ಡುಗಳು ನಿಮ್ಮ ತಪ್ಪೇ ತಾನೆ, ಗೋಲಾದರೂ ನೀವೇ ಗೆಲ್ಲುತ್ತಿದ್ದಿರಿ ಎಂಬ ಖಾತ್ರಿ ಏನು. ನಿಯಮಪುಸ್ತಕ ನನಗೆ ಈಗ ಚೆನ್ನಾಗಿ ಗೊತ್ತು. ನಮ್ಮ ಪರವಾದ ಕಲಮುಗಳು ಬೇಗ ನೆನಪಾಗುತ್ತವೆ.

2024ರ ಜೂನ್‌ನಲ್ಲಿ ವಿಎಆರ್ ತೆಗೆದುಹಾಕಬೇಕೆಂದು ವುಲ್ವ್ಸ್ ಕ್ಲಬ್ ಪ್ರೀಮಿಯರ್ ಲೀಗಿನಲ್ಲಿ ಪ್ರಸ್ತಾಪ ತಂದಿತು. 19-1ರಲ್ಲಿ ಬಿದ್ದುಹೋಯಿತು. ನನಗೆ ಮತವಿದ್ದಿದ್ದರೆ? ಬೇಡ ಎನ್ನಲು ಒಳ್ಳೆಯ ಕಾರಣಗಳಿವೆ. ನಮ್ಮ ಗೋಲಿಗೂ ನಾನೀಗ ಕುಣಿಯುವುದಿಲ್ಲ, ರೆಫರಿಯ ಬೆರಳು ಕಿವಿಗೆ ಹೋಯಿತೇ ಎಂದು ನೋಡುತ್ತೇನೆ. ಆ ವೇಳೆಗೆ ಹಿಗ್ಗಿನ ಅರ್ಧ ಆರಿಹೋಗಿರುತ್ತದೆ. ಆದರೂ ಉಳಿಯಲಿ ಎಂದೇ ಹೇಳುತ್ತಿದ್ದೆನೇನೊ, ನ್ಯಾಯದ ಹೆಸರಿನಲ್ಲಿ. ಒಳಗೆ ಬೇಕಿರುವುದು ಇನ್ನೊಂದು ಮಂಡಿಯೂರುವಿಕೆ.

ಕಳೆದ ವರ್ಷಗಳಲ್ಲಿ ಒಮ್ಮೆ ನಾವು ನಿಜಕ್ಕೂ ಗೆದ್ದೆವು. 2025ರ ಮೇ 21, ಬಿಲ್ಬಾವೊ, ಯೂರೋಪಾ ಲೀಗ್ ಫೈನಲ್, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ. ಲೀಗಿನಲ್ಲಿ 17ನೇ ಸ್ಥಾನಕ್ಕೆ ಬಿದ್ದಿದ್ದ ತಂಡ, 17 ವರ್ಷಗಳ ನಂತರ ಒಂದು ಟ್ರೋಫಿ. ಬ್ರೆನನ್ ಜಾನ್ಸನ್ ಗೋಲು ಹೊಡೆದಾಗ ಅಭ್ಯಾಸದಂತೆ ಕಾದೆ, ರದ್ದಾಗಲಿಲ್ಲ. ವಾನ್ ಡೆ ವೆನ್ ಗೋಲು ಗೆರೆಯ ಬಳಿ ಗಾಳಿಯಲ್ಲಿ ತೇಲಿ ಚೆಂಡನ್ನು ಒದ್ದು ಕಳಿಸಿದಾಗ ಕೂಗಿದೆ. ಕೊನೆಯ ಸೀಟಿ ಮೊಳಗಿತು. ನಮ್ಮ ಆಟಗಾರರು ಅಳುತ್ತಾ ಒಬ್ಬರ ಮೇಲೊಬ್ಬರು ಬಿದ್ದರು, ಸನ್ ಧ್ವಜ ಸುತ್ತಿಕೊಂಡ. ಕಣ್ಣು ತುಂಬಿ ನೋಡುತ್ತಿದ್ದೆ. ಕ್ಯಾಮೆರಾ ಯುನೈಟೆಡ್ ಅಭಿಮಾನಿಗಳ ಕಡೆ ತಿರುಗಿತು. ಕುರ್ಚಿಯನ್ನು ಟಿವಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.